ಸರಪಳಿಗೆ ಕಟ್ಟಿದ ಕುರಿನಾಯಿ

ಮಲೆನಾಡಿನ ಎಸ್ಟೇಟುಗಳಲ್ಲಿ ಅಲ್ಸೇಶಿಯನ್ ನಾಯಿ ಸಾಕುವ ರೂಢಿ ಹೊಸದಲ್ಲ. ಹಿರಿಯರು ಅಲ್ಸೇಶಿಯನ್ ಎಂದು ಕರೆದುದನ್ನೇ ಈಗಿನವರು ಜರ್ಮನ್ ಶೆಫರ್ಡ್ ಎನ್ನುತ್ತಾರೆ. ಕಣದಲ್ಲಿ ಕಾಫಿ ಹರಡಿದಾಗ, ಅಂಗಳದಲ್ಲಿ ಅಡಿಕೆ ಒಣಗುವಾಗ ಕಾವಲಿಗೆ ಇಂಥ ನಾಯಿಯೊಂದು ಇರಲಿ ಎಂದು ಬೆಳೆಗಾರರು ಬಯಸುವುದು ಸಹಜವೇ. ಆದರೆ ಮರಿ ತಂದು ಆರು ತಿಂಗಳು ಮುದ್ದಿಸಿ, ಬೆಳೆದ ಮೇಲೆ ಹಗಲೆಲ್ಲ ಗೋಡೌನಿನ ಪಕ್ಕ ಸರಪಳಿಯಲ್ಲಿ ಬಿಗಿದು, ರಾತ್ರಿ ಮಾತ್ರ ಬಿಡುವ ಕ್ರಮ ಕೆಲವೆಡೆ ಕಾಣುತ್ತಿದೆ. ಇದು ನಾಯಿಗೂ ಕೇಡು, ಲೈನುಮನೆಗಳ ಮಕ್ಕಳಿಗೂ ಕೇಡು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಈ ತಳಿಯ ಮೂಲ ಕಸುಬು ಮನೆಯ ಕಾವಲಲ್ಲ, ಕುರಿ ಕಾಯುವುದು. 1899ರಲ್ಲಿ ಜರ್ಮನಿಯ ಅಶ್ವದಳದ ಅಧಿಕಾರಿಯಾಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು ಪ್ರದರ್ಶನವೊಂದರಲ್ಲಿ ಕಂಡ ಕುರಿನಾಯಿಯನ್ನು ಕೊಂಡು, ಅದಕ್ಕೆ ಹೊರಾಂಡ್ ಎಂದು ಹೆಸರಿಟ್ಟು, ಅದೇ ವರ್ಷ ತಳಿಯ ಸಂಘವನ್ನು ಕಟ್ಟಿದರು. ಅಲ್ಲಿನ ಹೊಲಗಳಲ್ಲಿ ಒಂದು ಪಟ್ಟಿಯಲ್ಲಿ ಕುರಿ ಮೇಯುತ್ತಿದ್ದರೆ ಪಕ್ಕದ ಪಟ್ಟಿಯಲ್ಲಿ ಪೈರು. ನಡುವೆ ಬೇಲಿ ಇರುತ್ತಿರಲಿಲ್ಲ. ಆ ಗಡಿಯುದ್ದಕ್ಕೂ ದಿನವಿಡೀ ಆಚೀಚೆ ಓಡಾಡುತ್ತ, ಪೈರಿಗೆ ಬಾಯಿ ಹಾಕಬಂದ ಕುರಿಯನ್ನು ಹಿಂದಕ್ಕೆ ಅಟ್ಟುವುದು ಈ ನಾಯಿಯ ಕೆಲಸ. ಮೊದಲನೆಯ ಮಹಾಯುದ್ಧದ ಕಹಿಯಿಂದಾಗಿ ಬ್ರಿಟಿಷರು ಜರ್ಮನ್ ಎಂಬ ಹೆಸರನ್ನು ಒಲ್ಲದೆ ಅಲ್ಸೇಶಿಯನ್ ಎಂದರು. 1977ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಹಳೆಯ ಹೆಸರನ್ನು ಮತ್ತೆ ಒಪ್ಪಿತು. ಹೆಸರು ಯಾವುದಾದರೂ ಹುಟ್ಟುಗುಣ ಒಂದೇ.

ದಿನವಿಡೀ ಓಡಾಡಲು ಹುಟ್ಟಿದ ಪ್ರಾಣಿಯನ್ನು ಆರಡಿ ಸರಪಳಿಗೆ ಕಟ್ಟಿದರೆ ಅದು ಸುತ್ತಿದಲ್ಲೇ ಸುತ್ತುತ್ತದೆ, ಎಡೆಬಿಡದೆ ಬೊಗಳುತ್ತದೆ, ತನ್ನ ಬಾಲವನ್ನೇ ಕಚ್ಚಿಕೊಳ್ಳುತ್ತದೆ. ಹಾದುಹೋಗುವವರನ್ನೆಲ್ಲ ವೈರಿಗಳೆಂದು ಎಣಿಸತೊಡಗುತ್ತದೆ. ಒಂದು ದಿನ ಕೊಂಡಿ ಕಳಚಿದರೆ ಅದರ ಬಾಯಿಗೆ ಸಿಗುವುದು ಕಳ್ಳನಲ್ಲ, ಶಾಲೆಗೆ ಹೊರಟ ಆಳಿನ ಮಗು. "ಕಚ್ಚುತ್ತದೆ, ಅದಕ್ಕೇ ಕಟ್ಟಿದ್ದೇವೆ" ಎನ್ನುವವರಿದ್ದಾರೆ. ಕಟ್ಟಿದ್ದರಿಂದಲೇ ಕಚ್ಚುವಂತಾಯಿತು ಎಂಬುದು ಅನೇಕ ಸಲ ನಿಜ.

ಇದು ಬರಿಯ ಮರುಕದ ಮಾತಲ್ಲ, ಕಾನೂನಿನ ಮಾತೂ ಹೌದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ತೀರ ಗಿಡ್ಡನೆಯ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಡುವುದು ಅಪರಾಧ. ಸದಾ ಕಟ್ಟಿಡುವ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದೂ ಅಪರಾಧವೇ.

ಹಾಗಾದರೆ ಮಾಡಬೇಕಾದುದೇನು? ಬೆಳೆಗಾರರು ಬೆಳಿಗ್ಗೆ ಹೇಗೂ ತೋಟ ಸುತ್ತುತ್ತಾರೆ. ನಾಯಿಯನ್ನೂ ಜೊತೆಗೆ ಕರೆದೊಯ್ಯಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡಿಗೆ, ಓಟ ಬೇಕು. ಕಾಲಿನಷ್ಟೇ ತಲೆಗೂ ಕೆಲಸ ಬೇಕು. ಬಾ, ಕೂರು, ನಿಲ್ಲು ಎಂಬ ಮಾತುಗಳನ್ನು ಮರಿಯಲ್ಲೇ ಕಲಿಸಬೇಕು. ಯಜಮಾನರು ಒಂದು ಮಾತು, ರೈಟರು ಇನ್ನೊಂದು ಮಾತು ಹೇಳಿದರೆ ನಾಯಿ ಗೊಂದಲಕ್ಕೆ ಬೀಳುತ್ತದೆ. ಆಳುಕಾಳುಗಳ, ಮಕ್ಕಳ ಪರಿಚಯವನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಬೇಕು. ಊಟವಾದ ಕೂಡಲೇ ಓಡಿಸಬಾರದು. ಹೊಟ್ಟೆ ಉಬ್ಬಿ ತಿರುಚಿಕೊಂಡು ಗಂಟೆಗಳಲ್ಲೇ ಪ್ರಾಣ ಹೋದೀತು. ಹಗಲು ಬಿಡಲಾಗದ ಸಮಯಕ್ಕೆ ಜಾಲರಿ ಬೇಲಿಯ ಅಂಗಳವಿರಲಿ. ರಾತ್ರಿ ಮನೆಗೆ ತಗುಲಿದ ಭದ್ರವಾದ ಗೂಡು ಬೇಕು. ಕಾಡಂಚಿನಲ್ಲಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಗೂಡಿನೊಳಗಿಂದ ಬೊಗಳಿದರೂ ಯಜಮಾನರಿಗೆ ಎಚ್ಚರವಾಗುತ್ತದೆ. ಮಳೆಗಾಲದಲ್ಲಿ ಇದರ ದಟ್ಟ ರೋಮದ ಅಡಿಯಲ್ಲಿ ತೇವ ನಿಂತು ಚರ್ಮ ಕೊಳೆಯುವುದುಂಟು. ಒರೆಸಿ, ಬಾಚಿ, ಉಣ್ಣಿ, ಇಂಬಳ ತೆಗೆಯುವುದು ದಿನದ ಕೆಲಸವಾಗಬೇಕು.

ಔಷಧದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ದನಕ್ಕೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಉಣ್ಣಿಗೆ, ಕಜ್ಜಿಗೆ ನಾಯಿಗೂ ಕೊಡಬಾರದು. ಕುರಿ ಕಾಯುವ ಕೆಲವು ತಳಿಗಳಲ್ಲಿ, ಮುಖ್ಯವಾಗಿ ಕಾಲಿಯಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿಯೂ, ಈ ಮದ್ದು ಮಿದುಳಿಗೆ ಇಳಿಯದಂತೆ ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2001ರಲ್ಲಿ ಗುರುತಿಸಿದರು. ನಮ್ಮ ಬೆಳೆಗಳೂ ನಾಯಿಗೆ ಒಗ್ಗುವುದಿಲ್ಲ. ಕಾಫಿಯ ಕೆಫೀನ್ ಅದಕ್ಕೆ ವಿಷ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವವನ್ನು ಹಿಂದೆ ನ್ಯೂಜಿಲೆಂಡಿನಲ್ಲಿ ಕುರಿನಾಯಿಗಳ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು, ನಿಜ. ಆದರೆ ಅದು ಅಳತೆಯ ಔಷಧ, ಮಿತಿ ಮೀರಿದರೆ ಅಪಾಯ. ಪ್ರಾಜಿಕ್ವಾಂಟೆಲ್‌ನಂಥ ಒಳ್ಳೆಯ ಮಾತ್ರೆ ಸಿಗುವಾಗ ಅಡಿಕೆ ಅರೆದು ತಿನ್ನಿಸುವ ಸಾಹಸ ಬೇಡ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ತಪ್ಪದೆ ಹಾಕಿಸಬೇಕು.

ಇಷ್ಟೆಲ್ಲ ಮಾಡಲು ಪುರಸೊತ್ತಿಲ್ಲ ಎನ್ನುವವರು ಕುರಿನಾಯಿಯನ್ನು ತರದಿರುವುದೇ ಲೇಸು. ನಮ್ಮ ಮಳೆಗೆ, ಬಿಸಿಲಿಗೆ ಹೊಂದಿಕೊಂಡ ಊರ ನಾಯಿ ಕಾವಲಿಗೆ ಸಾಕು; ಅದಕ್ಕೂ ಲಸಿಕೆ, ಅನ್ನ, ಒಡನಾಟ ಬೇಕೆಂಬುದು ಬೇರೆ ಮಾತು. ಮರಿಯ ಬೆಲೆ ಒಂದು ಸಲದ ಖರ್ಚು. ದಿನಕ್ಕೆ ಎರಡು ಗಂಟೆ ಎಂಬುದು ಹತ್ತು ಹನ್ನೆರಡು ವರ್ಷಗಳ ಖರ್ಚು. ಈ ಲೆಕ್ಕವನ್ನು ಸದಸ್ಯ ಬಾಂಧವರು ಮರಿಗೆ ಮುಂಗಡ ಕೊಡುವ ಮೊದಲೇ ಮನೆಯವರೊಡನೆ ಕುಳಿತು ಮಾಡಬೇಕೆಂದು ನಮ್ಮ ವಿನಂತಿ. ಈಗಾಗಲೇ ನಾಯಿ ಕಟ್ಟಿರುವವರು ನಾಳೆ ಬೆಳಗಿನ ತೋಟದ ಸುತ್ತಿಗೆ ಅದನ್ನು ಹಗ್ಗದಲ್ಲಿ ಹಿಡಿದು ಜೊತೆಗೆ ಕರೆದೊಯ್ಯಲಿ.