ಎಲ್ಲ ಹಕ್ಕಿಗೂ ಹೆಸರು ಹೇಳಲೇಬೇಕಾ?

ದಾವಣಗೆರೆಯ ನಮ್ಮ ಮನೆ ತಾರಸಿಯಲ್ಲಿ ಒಂದು ಹಳೇ ಸ್ಟೀಲ್ ತಟ್ಟೆ ಇದೆ. ದಿನಾ ಬೆಳಿಗ್ಗೆ ಅದಕ್ಕೊಂದು ಹಿಡಿ ನವಣೆ ಹಾಕುವುದು ನನ್ನ ಕೆಲಸ. ಸೆಮಿಸ್ಟರ್ ಪರೀಕ್ಷೆಗೆ ಓದುತ್ತೇನೆಂದು ಪುಸ್ತಕ ಹಿಡಿದು ಮೇಲೆ ಹೋಗುತ್ತೇನೆ. ಓದಿದ್ದಕ್ಕಿಂತ ತಟ್ಟೆ ನೋಡಿದ್ದೇ ಹೆಚ್ಚು. ‘ಸಣ್ಣ ಗುಬ್ಬಿ ಬಂದಾವ ನೋಡೋ’ ಅಂತಾಳೆ ಅಜ್ಜಿ. ಅವು ಗುಬ್ಬಿಯಲ್ಲ, ರಾಟವಾಳ. ಮುನಿಯಾ ಅಂತಲೂ ಕರೆಯುತ್ತಾರೆ. ಉದ್ದ ಹತ್ತು–ಹನ್ನೊಂದು ಸೆಂಟಿಮೀಟರ್, ಕಾಳು ಒಡೆಯಲು ದಪ್ಪ ಮೂರು ಮೂಲೆಯ ಕೊಕ್ಕು.

ಬೆಳೆದ ಹಕ್ಕಿಗಳಾದರೆ ಗುರುತಿಸುವುದು ಸುಲಭ. ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳು, ಕಂದು ಮುಖ ಇದ್ದರೆ ಚುಕ್ಕೆ ರಾಟವಾಳ. ಮಾಸಲು ಕಂದು ಮೈ, ಬಿಳಿ ಗಂಟಲು, ಚೂಪಾದ ಉದ್ದ ಕಪ್ಪು ಬಾಲ, ಬೆಳ್ಳಿ ಬಣ್ಣದ ಕೊಕ್ಕು ಇದ್ದರೆ ಬಿಳಿಗಂಟಲಿನ ರಾಟವಾಳ. ಕಪ್ಪು ತಲೆಯದ್ದು ಗದ್ದೆ, ಜೌಗಿನ ಕಡೆ ಹೆಚ್ಚು. ಬೆನ್ನು ಇಟ್ಟಿಗೆ ಬಣ್ಣ, ಬಿಳಿ ಹೊಟ್ಟೆಯ ನಡುವೆ ಕಪ್ಪು ಪಟ್ಟೆ. ಗಂಡು, ಹೆಣ್ಣು ಒಂದೇ ಥರ ಕಾಣುವುದರಿಂದ ಆ ತಲೆಬಿಸಿಯೂ ಇಲ್ಲ.

ತಲೆಬಿಸಿ ಶುರುವಾಗುವುದು ಮಳೆಗಾಲ ಮುಗಿದು ಮರಿಗಳು ಹಾರಾಡತೊಡಗಿದಾಗ. ಚುಕ್ಕೆ ರಾಟವಾಳದ ಮರಿಗೆ ಚುಕ್ಕೆ ಇಲ್ಲ. ಕಪ್ಪುತಲೆ ರಾಟವಾಳದ ಮರಿಗೆ ಕಪ್ಪು ತಲೆ ಇಲ್ಲ. ಎರಡೂ ಬರೀ ಕಂದು, ಹೊಟ್ಟೆ ಸ್ವಲ್ಪ ತಿಳಿ ಬಣ್ಣ. ಜೊತೆಗಿರುವ ದೊಡ್ಡ ಹಕ್ಕಿಯನ್ನು ನೋಡಿ ಹೇಳೋಣವೆಂದರೆ, ಇವು ಬೇರೆ ಬೇರೆ ಜಾತಿ ಸೇರಿ ಗುಂಪು ಕಟ್ಟುವುದೂ ಉಂಟು.

ಕಳೆದ ದೀಪಾವಳಿ ರಜೆಯಲ್ಲಿ ಇಂಥವು ಒಂಬತ್ತು ಬಂದಿದ್ದವು. ನಾನು ಇ–ಬರ್ಡ್ ಪಟ್ಟಿಯಲ್ಲಿ ‘ಕಪ್ಪುತಲೆ ರಾಟವಾಳ, 9’ ಎಂದು ತುಂಬಿಬಿಟ್ಟೆ. ಯಾಕೆ? ಆ ಹೆಸರು ನನ್ನ ಪಟ್ಟಿಯಲ್ಲಿ ಇನ್ನೂ ಇರಲಿಲ್ಲ, ಅಷ್ಟೇ. ಎರಡು ದಿನ ಬಿಟ್ಟು ದಾಖಲೆ ಪರಿಶೀಲಿಸುವವರಿಂದ ಮೇಲ್ ಬಂತು. ಯಾವ ಲಕ್ಷಣ ನೋಡಿ ನಿರ್ಧರಿಸಿದಿರಿ ಎಂದು ಮರ್ಯಾದೆಯಿಂದಲೇ ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಫೋಟೊ ತೆಗೆದು ನೋಡಿದರೆ ಒಂದರ ತಲೆಯೂ ಕಪ್ಪಿಲ್ಲ!

ನಾಚಿಕೆಯಾಯಿತು, ನಿಜ. ಆದರೆ ಇದು ನನ್ನೊಬ್ಬನ ಚಾಳಿಯಲ್ಲ ಅನ್ನಿಸುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ್ದಕ್ಕೂ ಒಂದು ವೃತ್ತ ತುಂಬಿ ಬಂದವರು ನಾವು. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ದರೆ ಗ್ರಾಫ್‌ಗೆ ತಕ್ಕಂತೆ ರೀಡಿಂಗ್ ಬರೆದುಕೊಳ್ಳುತ್ತೇವೆ. ವೈವಾದಲ್ಲಿ ಸುಮ್ಮನಿರುವುದಕ್ಕಿಂತ ಏನಾದರೊಂದು ಹೇಳು ಎನ್ನುತ್ತಾರೆ ಸೀನಿಯರ್‌ಗಳು. ಖಾಲಿ ಬಿಟ್ಟವನು ದಡ್ಡ ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಗೊತ್ತಿಲ್ಲ ಎಂದರೆ ಕೆಲಸ ಸಿಗುತ್ತದಾ ಎಂದು ಗೆಳೆಯರು ಕೇಳುತ್ತಾರೆ. ಕೆಲವು ಕಡೆ ಸಿಗಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಸಿಇಟಿಯ ಊಹೆ ನನ್ನ ರ‍್ಯಾಂಕಿಗಷ್ಟೇ ಸಂಬಂಧಿಸಿದ್ದು. ಆ ಒಂಬತ್ತು ಹಕ್ಕಿ ಹಾಗೇ ಉಳಿದಿದ್ದರೆ, ಮುಂದೆ ಯಾರೋ ಕಪ್ಪುತಲೆ ರಾಟವಾಳ ಎಲ್ಲೆಲ್ಲಿವೆ ಎಂದು ನಕ್ಷೆ ಹಾಕುವಾಗ ನಮ್ಮ ತಾರಸಿಯ ಮೇಲೂ ಒಂದು ಸುಳ್ಳು ಚುಕ್ಕೆ ಬೀಳುತ್ತಿತ್ತು. ನಾಳೆ ನಾವು ಸೇತುವೆಯ ಲೆಕ್ಕ ಬರೆಯುವವರು ಬೇರೆ.

ಇ–ಬರ್ಡ್‌ನಲ್ಲಿ ಪ್ರಭೇದ ಹೇಳದೆ ಬರೀ ‘ಮುನಿಯಾ’ ಎಂದು ದಾಖಲಿಸಲು ಜಾಗವಿದೆ. ಅದನ್ನು ಇಟ್ಟಿರುವುದೇ ಇಂಥ ಸಂದರ್ಭಕ್ಕೆ, ಸೋತವರಿಗಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲೂ ಇಂಥದ್ದೊಂದು ಆಯ್ಕೆ ಇಟ್ಟು, ಊಹೆಗಿಂತ ಅದಕ್ಕೇ ಅರ್ಧ ಅಂಕ ಹೆಚ್ಚು ಕೊಟ್ಟರೆ ಹೇಗಿರುತ್ತದೆ? ತಮಾಷೆಗೆ ಹೇಳುತ್ತಿಲ್ಲ.

ನಾನು ಹಳೇ ದಾಖಲೆ ತಿದ್ದಿದೆ. ಮರುದಿನ ತಟ್ಟೆಗೆ ಮೂರು ಕಂದು ಮರಿಗಳು ಬಂದವು. ಒಂದರ ಪಕ್ಕೆಯಲ್ಲಿ ಎರಡು–ಮೂರು ಹುರುಪೆ ಗೆರೆ ಆಗಷ್ಟೇ ಮೂಡಿದ್ದವು. ಅದನ್ನು ಚುಕ್ಕೆ ರಾಟವಾಳ ಎಂದು ಬರೆದೆ. ಉಳಿದೆರಡು ಬರೀ ಮುನಿಯಾ.