ನವಗ್ರಹ ಅಂದ್ರೆ ಒಂಬತ್ತು ಪ್ಲಾನೆಟ್ ಅಲ್ಲ ಸ್ವಾಮಿ!

ಮೊನ್ನೆ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ನವಗ್ರಹ ಹೋಮಕ್ಕೆ ಅಂತ ಒಂಬತ್ತು ಗುಡ್ಡೆ ಧಾನ್ಯ ಜೋಡಿಸಿಟ್ಟಿದ್ದರು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ ಶುರು ಹಚ್ಕೊಂಡರು. "ನೋಡ್ರಪ್ಪಾ, ಈ ಬಿಳಿಯರು ದುರ್ಬೀನು ಹಿಡ್ಕೊಂಡು ಮೊನ್ನೆ ಮೊನ್ನೆ ಒಂಬತ್ತು ಗ್ರಹ ಕಂಡುಹಿಡಿದ್ರು. ನಮ್ಮ ಹಿರಿಯರಿಗೆ ಸಾವಿರಾರು ವರ್ಷದ ಹಿಂದೇನೇ ಗೊತ್ತಿತ್ತು!" ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ನಾಲ್ಕನೇ ಕ್ಲಾಸಿನ ನಮ್ಮಕ್ಕನ ಮಗಳು ಮಾತ್ರ ಆ ಗುಡ್ಡೆಗಳನ್ನೇ ನೋಡ್ತಾ "ತಾತ, ಇದ್ರಲ್ಲಿ ಭೂಮಿ ಯಾವ್ದು?" ಅಂದಳು.

"ದೊಡ್ಡೋರು ಮಾತಾಡುವಾಗ ಮಧ್ಯ ಬಾಯಿ ಹಾಕಬಾರದು."

ಮಗು ಸುಮ್ಮನಾಯ್ತು. ಇಂಜಿನಿಯರಿಂಗ್ ಓದಿದ ನಾನೂ ತೆಪ್ಪಗೆ ಕೂತೆ. ಅದೇ ಈಗ ಚುಚ್ಚುತ್ತಿರೋದು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಬರೀತಿದೀನಿ.

ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ನವಗ್ರಹದಲ್ಲಿ ಭೂಮಿ ಇಲ್ಲವೇ ಇಲ್ಲ! ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಇದರಲ್ಲಿ ರವಿ ನಕ್ಷತ್ರ, ಚಂದ್ರ ಉಪಗ್ರಹ, ರಾಹು ಕೇತು ವಸ್ತುಗಳೇ ಅಲ್ಲ. ಸ್ಕೂಲ್ ಪುಸ್ತಕದ ಪಟ್ಟಿಗೂ ಇದಕ್ಕೂ ತಾಳೆ ಆಗೋದು ಐದೇ ಐದು.

ಇನ್ನು ಆ "ಒಂಬತ್ತು" ಅನ್ನೋ ಸಂಖ್ಯೆ. 1781ರಲ್ಲಿ ಹರ್ಷೆಲ್ ಯುರೇನಸ್ ಕಂಡಾಗ ಪ್ಲಾನೆಟ್ಟುಗಳು ಏಳಾದವು. 1801ರಿಂದ 1807ರ ಒಳಗೆ ಸೀರಿಸ್, ಪಲ್ಲಾಸ್, ಜೂನೋ, ವೆಸ್ಟಾ ಸೇರಿ ಹನ್ನೊಂದಾದವು. ಆಮೇಲೆ ಅವನ್ನ ಕ್ಷುದ್ರಗ್ರಹ ಅಂತ ಆಚೆ ಹಾಕಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು, 1930ರಲ್ಲಿ ಪ್ಲೂಟೋ. ಆಗ ಒಂಬತ್ತು. 2006ರ ಆಗಸ್ಟ್ 24ಕ್ಕೆ ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಪ್ಲೂಟೋವನ್ನ ಕುಬ್ಜಗ್ರಹ ಅಂದರು, ಎಂಟಕ್ಕೆ ಇಳಿಯಿತು. ಅಲ್ಲಿಗೆ ಈ ಒಂಬತ್ತರ ಆಟ ನಡೆದಿದ್ದು 76 ವರ್ಷ. ದೊಡ್ಡಪ್ಪ ಸ್ಕೂಲಿಗೆ ಹೋಗಿದ್ದು ಆ 76 ವರ್ಷದಲ್ಲಿ, ಅಷ್ಟೇ. ಸಾವಿರಾರು ವರ್ಷದ ಜ್ಞಾನ ಪ್ಲೂಟೋ ಜೊತೆ ಬಂದು ಪ್ಲೂಟೋ ಜೊತೆ ಹೋಗುತ್ತಾ? :)

ಕೆಲವರ ಹತ್ರ ಇನ್ನೊಂದು ವಾದ ಇದೆ. ಯುರೇನಸ್, ನೆಪ್ಚೂನೇ ರಾಹು ಕೇತುಗಳಂತೆ! ಪಂಚಾಂಗ ತೆಗೆದು ನೋಡಿ ಸ್ವಾಮಿ. ರಾಹು ಕೇತು ಯಾವಾಗಲೂ ಎದುರುಬದುರು, ಹಿಮ್ಮುಖವಾಗಿ ಚಲಿಸ್ತಾವೆ, ಸುಮಾರು 18.6 ವರ್ಷಕ್ಕೆ ಒಂದು ಸುತ್ತು. ಯುರೇನಸ್ಸಿಗೆ ಒಂದು ಸುತ್ತಿಗೆ 84 ವರ್ಷ ಬೇಕು, ನೆಪ್ಚೂನಿಗೆ 165. ಮತ್ತೊಬ್ಬರು ಹೇಳ್ತಾರೆ, ನವಗ್ರಹ ಗುಡಿಯಲ್ಲಿ ಸೂರ್ಯ ನಡುವೆ ಇದಾನೆ, ಹಾಗಾಗಿ ಸೂರ್ಯನ ಸುತ್ತ ಗ್ರಹ ಸುತ್ತೋದು ನಮಗೆ ಗೊತ್ತಿತ್ತು ಅಂತ. ಹಾಗಿದ್ರೆ ಆ ಗುಡಿಯಲ್ಲಿ ಭೂಮಿ ಎಲ್ಲಿ? ಚಂದ್ರ ಯಾಕೆ ಗುರುವಿನ ಸಮಕ್ಕೆ ನಿಂತಿದಾನೆ?

ನಾನು ಹೋಮ ಮಾಡಬೇಡಿ ಅಂತ ಹೇಳ್ತಿಲ್ಲ. ಹಿರಿಯರನ್ನ ಹೀಗಳೆಯೋದೂ ನನ್ನ ಉದ್ದೇಶ ಅಲ್ಲ. ನನ್ನ ಸಿಟ್ಟೇ ಬೇರೆ. ಈ ಸುಳ್ಳು ಹೊಗಳಿಕೆಯಲ್ಲಿ ಅವರು ನಿಜವಾಗಿ ಮಾಡಿದ್ದು ಮುಚ್ಚಿ ಹೋಗ್ತಿದೆ. "ಗ್ರಹ" ಅನ್ನೋ ಪದಕ್ಕೆ ಮೂಲ ಅರ್ಥ ಹಿಡಿಯೋದು. ಗ್ರಹಣ ಬಂದಿದ್ದೂ ಅದೇ ಧಾತುವಿನಿಂದ. ಗ್ರೀಕರೂ ಸೂರ್ಯ ಚಂದ್ರರನ್ನ ಅಲೆಮಾರಿಗಳ ಪಟ್ಟಿಗೇ ಸೇರಿಸಿದ್ದರು. ಆಮೇಲೆ ಪ್ಲಾನೆಟ್ ಅನ್ನೋದರ ಅರ್ಥ ಬದಲಾಯ್ತು, ನಾವು ಹಳೇ ಪದವನ್ನೇ ಅದಕ್ಕೆ ಅಂಟಿಸಿದೆವು. ಒಂದೇ ಹೆಸರಿನ ಎರಡು ವೇರಿಯಬಲ್, ಕೋಡ್ ಬರೆಯೋರಿಗೆ ಈ ತಲೆನೋವು ಗೊತ್ತಿರುತ್ತೆ.

ರಾಹು ಕೇತು ಅಂದ್ರೆ ಏನು ಗೊತ್ತಾ? ಚಂದ್ರನ ದಾರಿ ನಮಗೆ ಕಾಣೋ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆ ಎರಡು ದಾರಿ ಕತ್ತರಿಸೋ ಎರಡು ಬಿಂದುಗಳೇ ರಾಹು, ಕೇತು. ಅಮಾವಾಸ್ಯೆ, ಹುಣ್ಣಿಮೆ ಆ ಬಿಂದುಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಕಣ್ಣಿಗೆ ಕಾಣದ, ವಸ್ತುವೇ ಅಲ್ಲದ ಎರಡು ಬಿಂದುಗಳ ಚಲನೆಯನ್ನ ದುರ್ಬೀನು ಇಲ್ಲದೆ ಲೆಕ್ಕ ಹಾಕಿದ್ದರು! 499ರಲ್ಲಿ ಆರ್ಯಭಟ ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣ ಅಂತ ಬರೆದಿಟ್ಟಿದ್ದ. ಹೆಮ್ಮೆ ಪಡೋಕೆ ಇದು ಸಾಲದಾ? ಪ್ಲೂಟೋವನ್ನ ಯಾಕೆ ಅವರ ಜೇಬಿಗೆ ತುರುಕಬೇಕು?

ನಿನ್ನೆ ರಾತ್ರಿ ಆ ಹುಡುಗಿಗೆ ಫೋನ್ ಮಾಡಿದೆ. "ಪುಟ್ಟಿ, ಆ ಒಂಬತ್ತರಲ್ಲಿ ಭೂಮಿ ಇಲ್ಲ. ನೋಡ್ತಿದ್ದೋರು ಭೂಮಿ ಮೇಲೇ ನಿಂತಿದ್ರಲ್ಲ, ಆಕಾಶದಲ್ಲಿ ಓಡಾಡೋದನ್ನ ಮಾತ್ರ ಲೆಕ್ಕ ಹಾಕಿದ್ರು" ಅಂದೆ.

"ಹಾಗಾದ್ರೆ ತಾತ ಹೇಳಿದ್ದು ತಪ್ಪಾ ಮಾಮ?"

ಒಂದು ಕ್ಷಣ ತಡವರಿಸಿದೆ. ಆಮೇಲೆ "ಹೌದು, ತಪ್ಪು. ನೀನು ಕೇಳಿದ್ದು ಸರಿ" ಅಂದೆ.

ಇದನ್ನ ಅವತ್ತೇ, ಎಲ್ಲರ ಎದುರಿಗೇ ಹೇಳಬೇಕಿತ್ತು. ನೀವಾಗಿದ್ರೆ ಹೇಳ್ತಿದ್ರಾ?