ಕಡ ಕೊಟ್ಟ ಖಡ್ಗ

ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಗಡಿಯಲ್ಲಿರುವ ಗೋಮಾ ನಗರವು 2025ರ ಜನವರಿಯಲ್ಲಿ ‘ಎಂ 23’ ಎಂಬ ಸಶಸ್ತ್ರ ಬಣದ ವಶವಾಯಿತು. ಅದನ್ನು ಎದುರಿಸಿದವರಲ್ಲಿ ಸೈನಿಕರ ಜೊತೆಗೆ, ಸರ್ಕಾರವೇ ಬೆನ್ನು ತಟ್ಟಿದ್ದ ಬೇರೆ ಸಶಸ್ತ್ರ ಪಡೆಗಳೂ ಇದ್ದವು. ಇವರೆಲ್ಲರ ನಡುವೆ ಸಿಲುಕಿ ಲಕ್ಷಾಂತರ ಜನ ಮನೆಮಠ ತೊರೆದರು. ದೂರದೇಶದ ಸುದ್ದಿಯೆಂದು ನಾವು ಪುಟ ತಿರುವಿಬಿಡಬಹುದಿತ್ತು. ಆದರೆ ಆ ಸಂಕಟದ ಒಂದು ಬೇರು ನೆರೆಯ ರುವಾಂಡದಲ್ಲಿದೆ. ರುವಾಂಡದ ಕಥೆಯಲ್ಲಿ ನಮ್ಮ ಧರ್ಮಸಭೆಯ ಕಥೆಯೂ ಬೆರೆತಿದೆ.

ರುವಾಂಡವನ್ನು ಅಂದು ಆಳುತ್ತಿದ್ದ ಪಕ್ಷಕ್ಕೆ ‘ಇಂತೆರಹಾಮ್ವೆ’ ಎಂಬ ಯುವದಳವಿತ್ತು. ಸೇನೆಯವರೇ ಆ ತರುಣರಿಗೆ ತರಬೇತಿಯನ್ನೂ ಆಯುಧಗಳನ್ನೂ ಒದಗಿಸಿದರು. 1994ರ ಜನವರಿಯಲ್ಲಿಯೇ ವಿಶ್ವಸಂಸ್ಥೆಯ ಪಡೆಯ ದಂಡನಾಯಕ ರೋಮಿಯೋ ದಲೇರ್ ಗುಪ್ತ ಶಸ್ತ್ರಸಂಗ್ರಹಗಳ ಬಗ್ಗೆ ನ್ಯೂಯಾರ್ಕಿಗೆ ಎಚ್ಚರಿಕೆ ಕಳುಹಿಸಿದರು. ಅವನ್ನು ವಶಪಡಿಸಿಕೊಳ್ಳಲು ಅನುಮತಿ ದೊರೆಯಲಿಲ್ಲ. ಏಪ್ರಿಲ್ 6ರಂದು ದೇಶದ ಅಧ್ಯಕ್ಷರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮುಂದಿನ ಸುಮಾರು 100 ದಿನಗಳಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ 8 ಲಕ್ಷ ಜನ ಹತರಾದರು; ಅವರಲ್ಲಿ ಬಹುಪಾಲು ತುತ್ಸಿ ಜನಾಂಗದವರು. ಹತ್ಯೆ ನಡೆಯುತ್ತಿದ್ದಾಗಲೇ ಭದ್ರತಾ ಮಂಡಳಿಯು ಅಲ್ಲಿದ್ದ ತನ್ನ ಪಡೆಯನ್ನು ಸುಮಾರು 270 ಮಂದಿಗೆ ಇಳಿಸಲು ನಿರ್ಧರಿಸಿತು.

ಜುಲೈನಲ್ಲಿ ಆ ಸರ್ಕಾರ ಉರುಳಿದಾಗ ಹಂತಕರು ನಿರಾಶ್ರಿತರ ಪ್ರವಾಹದಲ್ಲಿ ಬೆರೆತು ಗಡಿ ದಾಟಿದರು. ಗೋಮಾದ ಸುತ್ತಲಿನ ಶಿಬಿರಗಳಲ್ಲಿ ಹಸಿದವರಿಗೆಂದು ಜಗತ್ತು ಕಳುಹಿಸಿದ ಅನ್ನದ ಮೇಲೂ ಅವರು ಹಿಡಿತ ಸಾಧಿಸಿದರು. 1996ರಲ್ಲಿ ರುವಾಂಡದ ಹೊಸ ಸೇನೆ ಅವರನ್ನು ಬೆನ್ನಟ್ಟಿ ಬಂದಿತು; 1998ರಲ್ಲಿ ಆರಂಭವಾದ ಯುದ್ಧಕ್ಕೆ ಹಲವು ರಾಷ್ಟ್ರಗಳು ಇಳಿದವು. ಅಂದಿನ ಹಂತಕರ ಉಳಿಕೆಯಿಂದ ಹುಟ್ಟಿದ ಬಣವನ್ನು ರುವಾಂಡ ಈಗಲೂ ತನಗೊದಗಿದ ಬೆದರಿಕೆಯೆಂದು ತೋರಿಸುತ್ತದೆ. ಎಂ 23 ಬಣಕ್ಕೆ ರುವಾಂಡದ ಬೆಂಬಲವಿದೆಯೆಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. ರುವಾಂಡ ಅದನ್ನು ನಿರಾಕರಿಸುತ್ತ ಬಂದಿದೆ. ಒಂದು ಪಕ್ಷವು ತನ್ನ ಅಧಿಕಾರದ ರಕ್ಷಣೆಗೆಂದು ಕಡ ಕೊಟ್ಟ ಖಡ್ಗ, ಮೂರು ದಶಕಗಳು ಕಳೆದರೂ ಮರಳಿ ಒರೆ ಸೇರಿಲ್ಲ.

ಯುದ್ಧವು ನ್ಯಾಯಸಮ್ಮತವೆನಿಸಲು ಸಂತ ತೋಮಸ್ ಅಕ್ವಿನಾಸರು ಮೂರು ನಿಬಂಧನೆಗಳನ್ನು ವಿಧಿಸಿದರು. ನ್ಯಾಯವಾದ ಕಾರಣ, ಸದುದ್ದೇಶ ಇವೆರಡಕ್ಕೂ ಮೊದಲು ಅವರು ಇಟ್ಟದ್ದು ಅಧಿಕೃತ ಪ್ರಭುತ್ವದ ಅಪ್ಪಣೆಯನ್ನು. ಇದು ಕೇವಲ ವಿಧಿವಿಧಾನದ ಮಾತಲ್ಲವೆಂದು ನಾವು ತಿಳಿಯುತ್ತೇವೆ. ಆಯುಧ ಹಿಡಿದವನನ್ನು ಪ್ರಶ್ನಿಸಲು, ತಡೆಯಲು, ದಂಡಿಸಲು ಒಬ್ಬ ಹೊಣೆಗಾರನಿರಬೇಕು. ಖಾಸಗಿ ಪಡೆಯನ್ನು ಸಾಕುವ ಸರ್ಕಾರಕ್ಕೆ ಬೇಕಾಗಿರುವುದು ಈ ಹೊಣೆಯಿಂದ ಬಿಡುಗಡೆ. ಕೊಲೆ ನಡೆಯಬೇಕು, ಆದರೆ ತನ್ನ ಕೈಗೆ ರಕ್ತ ಅಂಟಬಾರದು!

ಸರ್ಕಾರವೇ ಕೈಬಿಟ್ಟಾಗ ಹಳ್ಳಿಗರು ತಮ್ಮ ಮಕ್ಕಳನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪೂರ್ವ ಕಾಂಗೋದ ‘ಮಾಯಿ ಮಾಯಿ’ ಪಡೆಗಳಲ್ಲಿ ಅನೇಕವು ಹೀಗೆ ಆತ್ಮರಕ್ಷಣೆಗೆಂದೇ ಹುಟ್ಟಿದವು. ಆದರೆ ಅವುಗಳಲ್ಲಿ ಹಲವು ಕಾಲಕ್ರಮದಲ್ಲಿ ಗಣಿಗಳಿಂದಲೂ ದಾರಿಸುಂಕದಿಂದಲೂ ಬದುಕುವ ಪಡೆಗಳಾದವು. ಯಾರನ್ನು ಕಾಯಬೇಕಿತ್ತೋ ಅವರನ್ನೇ ಸುಲಿದವು. ಕೇಳುವವರಿಲ್ಲದ ಕಡೆ ಕಾವಲುಗಾರನೂ ಕಳ್ಳನಾಗುತ್ತಾನೆ.

ಇನ್ನು ನಮ್ಮ ಆತ್ಮಪರಿಶೀಲನೆ. ರುವಾಂಡದ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಥೋಲಿಕರಾಗಿದ್ದರು. ಕೊಂದವರಲ್ಲಿ, ಕೊಲೆಯಾದವರಲ್ಲಿ ಅಸಂಖ್ಯ ಮಂದಿ ಒಂದೇ ದೀಕ್ಷಾಸ್ನಾನ ಪಡೆದವರು. ನ್ಯಾಂಗೆ ಎಂಬ ಧರ್ಮಕೇಂದ್ರದಲ್ಲಿ, 1994ರ ಏಪ್ರಿಲ್‌ನಲ್ಲಿ, ಸುಮಾರು 1,500 ತುತ್ಸಿಗಳು ಆಶ್ರಯ ಪಡೆದಿದ್ದ ದೇವಾಲಯವನ್ನು ಬುಲ್ಡೋಜರಿನಿಂದ ಅವರ ಮೇಲೆಯೇ ಕೆಡವಲಾಯಿತು. ಅದಕ್ಕೆ ಸಮ್ಮತಿಸಿದವನು ಅಲ್ಲಿನ ಯಾಜಕನೇ ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಮಾನಿಸಿ, 2008ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವನೂ ನಮ್ಮಂತೆಯೇ ಬಲಿಪೂಜೆ ಅರ್ಪಿಸಿದವನು. ಇದನ್ನು ಬರೆಯುವಾಗ ನಮ್ಮ ಲೇಖನಿ ನಡುಗುತ್ತದೆ. 2017ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮಸಭೆಯ ಹಾಗೂ ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಅದೇ ನ್ಯಾಂಗೆಯಲ್ಲಿ ಇನ್ನೊಂದು ಘಟನೆ ನಡೆಯಿತು. 1997ರ ಮಾರ್ಚ್ 18ರ ರಾತ್ರಿ ಗಡಿಯಾಚೆಯಿಂದ ನುಸುಳಿ ಬಂದ ಅದೇ ಬಳಗದ ಬಂದೂಕುಧಾರಿಗಳು ಅಲ್ಲಿನ ಪ್ರೌಢಶಾಲೆಗೆ ನುಗ್ಗಿದರು. ಹುತುಗಳು ಒಂದು ಕಡೆ, ತುತ್ಸಿಗಳು ಇನ್ನೊಂದು ಕಡೆ ನಿಲ್ಲುವಂತೆ ವಿದ್ಯಾರ್ಥಿಗಳಿಗೆ ಆಜ್ಞಾಪಿಸಿದರು. ಮಕ್ಕಳು ಬೇರೆಯಾಗಲಿಲ್ಲ, ತಾವೆಲ್ಲರೂ ರುವಾಂಡದವರೆಂದು ಉತ್ತರಿಸಿದರು. ಬಂದೂಕುಗಳು ಸಿಡಿದವು, ಹಲವು ಎಳೆಯ ಜೀವಗಳು ಬಲಿಯಾದವು. ದೊಡ್ಡವರು ಕೆಡವಿದ ದೇವಾಲಯವನ್ನು ಆ ಮಕ್ಕಳು ಶಾಲೆಯ ಕೋಣೆಯಲ್ಲಿ ಮತ್ತೆ ಕಟ್ಟಿದರೆಂದು ನಮಗನ್ನಿಸುತ್ತದೆ.

ಹಿಂಸಾಪಡೆಗೆ ಮಚ್ಚು ಬೇಕಾಗುವುದು ಎರಡನೆಯದಾಗಿ. ಮೊದಲು ಬೇಕಾಗುವುದು ನೆರೆಯವನನ್ನು ಬೇರೆಯವನೆಂದು ನಂಬುವ ಮನಸ್ಸು. ರುವಾಂಡದ ದ್ವೇಷದ ಬಾನುಲಿ ತುತ್ಸಿಗಳನ್ನು ಜಿರಳೆಗಳೆಂದು ಕರೆದು ಆ ಮನಸ್ಸನ್ನು ಸಿದ್ಧಗೊಳಿಸಿತು. ಆಯುಧಗಳನ್ನು ಹಿಂಪಡೆಯುವುದು ಸರ್ಕಾರಗಳ, ವಿಶ್ವಸಂಸ್ಥೆಯ ಕರ್ತವ್ಯ. ಅದನ್ನು ಕಾಲಮೀರುವ ಮುನ್ನ ಮಾಡಿರೆಂದು ಒತ್ತಾಯಿಸುವುದು ನಾಗರಿಕರಾದ ನಮ್ಮ ಕರ್ತವ್ಯ. ಆದರೆ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ಮನೆಯಲ್ಲಿಯೇ, ಊಟದ ಹೊತ್ತಿನ ಮಾತಿನಲ್ಲಿಯೇ ನಡೆಯುತ್ತದೆ. ಪ್ರಿಯ ತಂದೆತಾಯಂದಿರೇ, ನೆರೆಯವರನ್ನು ಯಾವ ಹೆಸರಿನಿಂದ ಕರೆಯುವುದನ್ನು ನಿಮ್ಮ ಮಕ್ಕಳು ನಿಮ್ಮ ಬಾಯಿಂದ ಕೇಳುತ್ತಿದ್ದಾರೆ? ಈ ವಾರದ ಕುಟುಂಬ ಪ್ರಾರ್ಥನೆಗೆ ಮುನ್ನ ಅದನ್ನೊಮ್ಮೆ ಪರೀಕ್ಷಿಸಿಕೊಳ್ಳೋಣ. ತನ್ನನ್ನು ರಕ್ಷಿಸಲೆಂದು ಕತ್ತಿ ಸೆಳೆದ ಪೇತ್ರನಿಗೇ ಅದನ್ನು ಒರೆಗೆ ಸೇರಿಸೆಂದ ಪ್ರಭು, ಕಾಂಗೋದ ನೊಂದ ಕುಟುಂಬಗಳಿಗೂ ನಮಗೂ ಶಾಂತಿಯನ್ನು ಅನುಗ್ರಹಿಸಲಿ.